ಲೇಸರ್ ಓರೆಯಾಗಿ ಬಡಿದರೂ ಕಿಡಿ ನೆಟ್ಟಗೆ ಏಳುವುದೇಕೆ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಫೌಂಡ್ರಿಗಳಿಂದ ಬರುವ ಕಬ್ಬಿಣದ ಡೈಗಳ ತುಕ್ಕು ತೆಗೆಯಲು ಪಲ್ಸ್ ಲೇಸರ್ (ಬಿಟ್ಟು ಬಿಟ್ಟು ಬೆಳಕು ಹೊಡೆಯುವ ಲೇಸರ್) ಕ್ಲೀನಿಂಗ್ ಮಷೀನ್ ತಂದಿದ್ದೇವೆ. 100 ವ್ಯಾಟ್, ಒಂದು ಪಲ್ಸ್‌ಗೆ 1 ಮಿಲಿಜೂಲ್, ಪಲ್ಸ್ ಉದ್ದ 100 ನ್ಯಾನೊಸೆಕೆಂಡ್ ಅಂತ ಅದರ ಮೇಲೆ ಬರೆದಿದೆ. ಲೇಸರ್ ಹೊರಬರುವ ಹೆಡ್ ನೇರವಾಗಿ ಇಟ್ಟರೆ ಅದರ ಮುಂದಿನ ಗಾಜು ಬೇಗ ಕಪ್ಪಾಗುತ್ತದೆ. ಓರೆ ಹಿಡಿದರೆ ಅಷ್ಟು ಆಗಲ್ಲ. ಆದರೆ ಎಷ್ಟು ಓರೆ ಹಿಡಿದರೂ ಆ ಬಿಳಿ ಕಿಡಿ ಲೇಸರ್ ಕಡೆಗೆ ವಾಲದೆ ಪ್ಲೇಟ್‌ನಿಂದ ನೆಟ್ಟಗೇ ಏಳುತ್ತದೆ. ಯಾಕೆ? ಅದನ್ನು ತಳ್ಳುವುದು ಏನು? ಎಷ್ಟು ವೇಗದಲ್ಲಿ ಹೋಗುತ್ತದೆ? ಗಾಳಿ ಇಲ್ಲದ ಕಡೆಯೂ ಹೀಗೇ ಇರುತ್ತದಾ? ಹೊಗೆ ಹೀರುವ ಪೈಪ್ ಎಲ್ಲಿಟ್ಟರೆ ಒಳ್ಳೆಯದು?

ಉತ್ತರ: ನೀವು ನೋಡಿದ್ದು ಸರಿಯಾಗಿದೆ. ಗಾಜು ಕಪ್ಪಾಗುವುದನ್ನೂ ಕಿಡಿಯ ದಿಕ್ಕನ್ನೂ ಜೋಡಿಸಿ ಕೇಳಿದ್ದೀರಲ್ಲ, ಅದು ನನಗೆ ತುಂಬಾ ಖುಷಿ ಕೊಟ್ಟಿತು. ಎರಡರ ಹಿಂದೆ ಇರುವುದು ಒಂದೇ ಕಾರಣ. ಲೇಸರ್ ಯಾವ ಕಡೆಯಿಂದ ಬಂತು ಅನ್ನುವುದು ಕಿಡಿಗೆ ನೆನಪಿರುವುದಿಲ್ಲ. ತಾನು ಹುಟ್ಟಿದ ಜಾಗದ ಆಕಾರ ಮಾತ್ರ ಅದಕ್ಕೆ ನೆನಪಿರುತ್ತದೆ.

ಮೊದಲು ಒಂದು ಅನುಮಾನ ಬಗೆಹರಿಸೋಣ. ಗೋಡೆಗೆ ಚೆಂಡು ಓರೆಯಾಗಿ ಎಸೆದರೆ ಅದು ಇನ್ನೊಂದು ಕಡೆಗೆ ಓರೆಯಾಗಿ ಪುಟಿಯುತ್ತದೆ. ಕಿಡಿಯೂ ಹಾಗೇ ಪುಟಿಯಬೇಕು ಅಂತ ಅನ್ನಿಸುವುದು ಸಹಜ. ಆದರೆ ಬೆಳಕಿನ ತಳ್ಳುವ ಬಲ ತೀರಾ ಕಡಿಮೆ. ನಿಮ್ಮ ಒಂದು ಪಲ್ಸ್‌ನ ಬೆಳಕು ಪ್ಲೇಟ್‌ಗೆ ಕೊಡುವ ತಳ್ಳಿಗಿಂತ, ಅದರಿಂದ ಹುಟ್ಟಿದ ಬಿಸಿ ಆವಿ ಮೇಲಕ್ಕೆ ಹಾರುವಾಗ ಕೊಡುವ ತಳ್ಳು ಸಾವಿರಾರು ಪಟ್ಟು ದೊಡ್ಡದು. ಅಂದರೆ ಬೆಳಕು ಲೋಹವನ್ನು ಹೊಡೆದು ಎಬ್ಬಿಸುವುದಿಲ್ಲ. ಬಿಸಿ ಮಾಡುತ್ತದೆ, ಅಷ್ಟೇ. ಉಳಿದದ್ದೆಲ್ಲ ಆ ಬಿಸಿಯ ಕೆಲಸ. ಬಿಸಿಗೆ ದಿಕ್ಕು ಇಲ್ಲ ಅಲ್ವಾ?

ಆ 1 ಮಿಲಿಜೂಲ್ ಎಷ್ಟು ಶಕ್ತಿ ಅಂತ ಒಮ್ಮೆ ಯೋಚಿಸಿ. ವಿಜಯಪುರದ ಮಾಲ್ದಂಡಿ ಜೋಳದ ಮೂರು ಕಾಳು ಒಂದು ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದರೆ ಹೆಚ್ಚುಕಡಿಮೆ ಅಷ್ಟೇ ಶಕ್ತಿ. ಸದ್ದು ಕೂಡ ಕೇಳಿಸದು. ಆದರೆ ನಿಮ್ಮ ಮಷೀನ್ ಅದನ್ನು 100 ನ್ಯಾನೊಸೆಕೆಂಡ್‌ನಲ್ಲಿ, ಕೂದಲಿನ ದಪ್ಪದ ಒಂದು ಚುಕ್ಕಿಯ ಮೇಲೆ ಸುರಿಯುತ್ತದೆ. ಒಂದು ನ್ಯಾನೊಸೆಕೆಂಡ್ ಅಂದರೆ ಬೆಳಕು ಒಂದು ಅಡಿ ಹೋಗುವಷ್ಟು ಹೊತ್ತು. ಚುಕ್ಕಿ 0.05 ಮಿಲಿಮೀಟರ್ ಇದ್ದರೆ, ಪ್ರತಿ ಚದರ ಸೆಂಟಿಮೀಟರ್‌ಗೆ ಸುಮಾರು 50 ಕೋಟಿ ವ್ಯಾಟ್ ಲೆಕ್ಕಕ್ಕೆ ಬರುತ್ತದೆ. ಕಬ್ಬಿಣ ಕರಗುವುದು 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕುದಿಯುವುದು ಸುಮಾರು 2860 ಡಿಗ್ರಿಯಲ್ಲಿ. ಆ ಚುಕ್ಕಿಯ ಮೇಲ್ಪದರ ಇವೆರಡನ್ನೂ ಕಣ್ಣು ಮಿಟುಕಿಸುವುದರ ಲಕ್ಷದಲ್ಲಿ ಒಂದು ಪಾಲಿನಷ್ಟೂ ಹೊತ್ತಿಲ್ಲದೆ ದಾಟಿಬಿಡುತ್ತದೆ. ಒಂದು ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು) ಆಸುಪಾಸಿನ ತೆಳು ಪದರ ಆವಿಯಾಗುತ್ತದೆ.

ಪಲ್ಸ್ ಇನ್ನೂ ಮುಗಿದಿರುವುದಿಲ್ಲ. ಹಿಂದೆ ಬರುತ್ತಿರುವ ಬೆಳಕಿಗೆ ಈಗ ಲೋಹಕ್ಕಿಂತ ಮೊದಲು ಈ ಆವಿ ಸಿಗುತ್ತದೆ. ಆವಿಯಲ್ಲಿ ಬಿಡಿಯಾಗಿರುವ ಕೆಲವು ಎಲೆಕ್ಟ್ರಾನ್‌ಗಳು ಬೆಳಕಿನಿಂದ ಶಕ್ತಿ ಹೀರಿಕೊಳ್ಳುತ್ತವೆ. ಹೀರಿಕೊಂಡವು ಪಕ್ಕದ ಪರಮಾಣುಗಳಿಗೆ ಡಿಕ್ಕಿ ಹೊಡೆದು ಇನ್ನಷ್ಟು ಎಲೆಕ್ಟ್ರಾನ್ ಬಿಡಿಸುತ್ತವೆ. ಹೆಚ್ಚು ಎಲೆಕ್ಟ್ರಾನ್ ಅಂದರೆ ಹೆಚ್ಚು ಹೀರಿಕೆ, ಹೆಚ್ಚು ಹೀರಿಕೆ ಅಂದರೆ ಇನ್ನೂ ಹೆಚ್ಚು ಎಲೆಕ್ಟ್ರಾನ್. ನೋಡನೋಡುತ್ತಿದ್ದಂತೆ ಆವಿ ಪ್ಲಾಸ್ಮಾ ಆಗುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳು, ಅಂದರೆ ಅಯಾನ್‌ಗಳು, ಮತ್ತು ಬಿಡಿ ಎಲೆಕ್ಟ್ರಾನ್‌ಗಳು ಸೇರಿದ ಬಿಸಿ ಮೋಡ ಅದು. ಏಳುವ ಈ ಮೋಡಕ್ಕೆ ಲ್ಯಾಬುಗಳಲ್ಲಿ ಪ್ಲೂಮ್ ಅನ್ನುತ್ತಾರೆ.

ಪ್ಲಾಸ್ಮಾ ತುಂಬಾ ದಟ್ಟವಾದರೆ ಬೆಳಕು ಒಳಗೆ ಹೋಗುವುದೇ ಇಲ್ಲ. ನಿಮ್ಮ ಮಷೀನ್‌ನ ಬೆಳಕಿನ ತರಂಗದ ಉದ್ದ 1064 ನ್ಯಾನೊಮೀಟರ್ ಇರುತ್ತದೆ. ಅದಕ್ಕೆ ಈ ಗಡಿ ಒಂದು ಘನ ಸೆಂಟಿಮೀಟರ್‌ಗೆ ಸುಮಾರು 10ರ 21ನೇ ಘಾತದಷ್ಟು ಎಲೆಕ್ಟ್ರಾನ್. ಗಟ್ಟಿ ಕಬ್ಬಿಣದಲ್ಲಿ ಪರಮಾಣುಗಳು ಎಷ್ಟು ಒತ್ತಾಗಿ ಕೂತಿವೆಯೋ ಅದರ ಎಂಬತ್ತರಲ್ಲಿ ಒಂದು ಪಾಲು ಅಂದುಕೊಳ್ಳಿ. ಗಡಿ ತಲುಪುವ ಮೊದಲೇ ಪ್ಲಾಸ್ಮಾ ಬಹಳಷ್ಟು ಬೆಳಕನ್ನು ನುಂಗಿರುತ್ತದೆ. ಹಾಗಾಗಿ ಪಲ್ಸ್‌ನ ಕೊನೆಯ ಭಾಗ ಲೋಹವನ್ನು ಕೊರೆಯುವುದಕ್ಕಿಂತ ಮೋಡವನ್ನು ಕಾಯಿಸುವುದಕ್ಕೇ ಜಾಸ್ತಿ ಖರ್ಚಾಗುತ್ತದೆ. ಪವರ್ ಎರಡು ಪಟ್ಟು ಮಾಡಿದರೂ ತುಕ್ಕು ಎರಡು ಪಟ್ಟು ಬೇಗ ಹೋಗುವುದಿಲ್ಲ ಅನ್ನುವ ಅನುಭವ ನಿಮಗೂ ಆಗಿರಬಹುದು. ಅದರ ಒಂದು ಕಾರಣ ಇದೇ.

ಇಷ್ಟಾದ ಮೇಲೆ ಪ್ಲಾಸ್ಮಾದ ತಾಪ ಸುಮಾರು 20,000 ಡಿಗ್ರಿ ದಾಟಿರುತ್ತದೆ. ಸೂರ್ಯನ ಮೇಲ್ಮೈ 5,500 ಡಿಗ್ರಿ. ಒಳಗಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ನೂರಾರು ಪಟ್ಟು, ಕೆಲವೊಮ್ಮೆ ಸಾವಿರಾರು ಪಟ್ಟು. ಇದೇ ನಿಮ್ಮ ‘ತಳ್ಳುವುದು ಏನು’ ಅನ್ನುವುದಕ್ಕೆ ಉತ್ತರ. ಒತ್ತಡ ಎಲ್ಲಿ ಹೆಚ್ಚಿದೆಯೋ ಅಲ್ಲಿಂದ ಎಲ್ಲಿ ಕಡಿಮೆ ಇದೆಯೋ ಅಲ್ಲಿಗೆ ತಳ್ಳುತ್ತದೆ.

ಈಗ ದಿಕ್ಕಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಇಡೀ ವಿಷಯದ ತಿರುಳು ಇಲ್ಲಿದೆ.

ನಿಮ್ಮ ಮಷೀನ್ ಬದಲು ಪ್ರಯೋಗಾಲಯದಲ್ಲಿ ಬಳಸುವ ಲೇಸರ್ ತೆಗೆದುಕೊಳ್ಳೋಣ. ಪಲ್ಸ್ 10 ನ್ಯಾನೊಸೆಕೆಂಡ್, ಚುಕ್ಕಿಯ ಅಗಲ 1 ಮಿಲಿಮೀಟರ್. ಆವಿ ಸೆಕೆಂಡಿಗೆ 10 ಕಿಲೋಮೀಟರ್ ವೇಗದಲ್ಲಿ ಏಳುತ್ತದೆ ಅಂದರೆ, ಪಲ್ಸ್ ಮುಗಿಯುವ ಹೊತ್ತಿಗೆ ಅದು ಏರಿರುವುದು 0.1 ಮಿಲಿಮೀಟರ್ ಮಾತ್ರ. 1 ಮಿಲಿಮೀಟರ್ ಅಗಲ, 0.1 ಮಿಲಿಮೀಟರ್ ದಪ್ಪ. ಅದೊಂದು ಪುಟ್ಟ ರೊಟ್ಟಿ! ರೊಟ್ಟಿಯ ನಡುವಿನಲ್ಲಿರುವ ಒಂದು ಅಯಾನ್ ಕಡೆಯಿಂದ ನೋಡಿ. ಮೇಲಕ್ಕೆ ನೋಡಿದರೆ ಹೊರಗಿನ ಖಾಲಿ ಜಾಗ ತೀರಾ ಹತ್ತಿರ. ಪಕ್ಕಕ್ಕೆ ನೋಡಿದರೆ ಅಂಚು ಅದರ ಐದು ಪಟ್ಟು ದೂರ. ಅಂದರೆ ಮೇಲಿನ ದಿಕ್ಕಿನಲ್ಲಿ ಒತ್ತಡ ಕಡಿದಾಗಿ ಇಳಿಯುತ್ತದೆ, ಪಕ್ಕದ ದಿಕ್ಕಿನಲ್ಲಿ ಇಳಿಜಾರು ಮಂದ. ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭಾ ಸುಮಾರು 52 ಮೀಟರ್ ನೇರ ಧುಮುಕುತ್ತಾಳೆ. ಅದೇ ನದಿ ಬಯಲಿನಲ್ಲಿ ಎಷ್ಟು ನಿಧಾನ! ನೀರು ಕಡಿದಾದ ಕಡೆಗೇ ಜೋರಾಗಿ ಓಡುವ ಹಾಗೆ, ಪ್ಲಾಸ್ಮಾ ಕೂಡ ಒತ್ತಡ ಕಡಿದಾಗಿ ಇಳಿಯುವ ಕಡೆಗೇ ಜೋರಾಗಿ ಓಡುತ್ತದೆ. ಆ ದಿಕ್ಕು ರೊಟ್ಟಿಗೆ ಲಂಬ. ರೊಟ್ಟಿ ಮಲಗಿರುವುದು ಪ್ಲೇಟ್ ಮೇಲೆ. ಹಾಗಾಗಿ ಪ್ಲೂಮ್ ಪ್ಲೇಟ್‌ಗೆ ಲಂಬವಾಗಿ ಏಳುತ್ತದೆ. ಹಂಚಿನ ಮೇಲಿನ ರೊಟ್ಟಿ ಉಬ್ಬುವುದೂ ಮೇಲಕ್ಕೇ. ಕಟ್ಟಿಗೆಯ ಉರಿ ಒಲೆಯ ಯಾವ ಬದಿಯಿಂದ ಬಂದರೂ ಅದು ಓರೆಯಾಗಿ ಉಬ್ಬುವುದಿಲ್ಲ.

ಇದರಿಂದ ಇನ್ನೊಂದು ವಿಚಿತ್ರ ಹುಟ್ಟುತ್ತದೆ. ಲೇಸರ್ ಚುಕ್ಕಿ ದುಂಡಗಿರದೆ ಉದ್ದುದ್ದ ಇದ್ದರೆ, ಉದಾಹರಣೆಗೆ ಪೂರ್ವ-ಪಶ್ಚಿಮ ಉದ್ದ, ಉತ್ತರ-ದಕ್ಷಿಣ ಕಿರಿದು ಇದ್ದರೆ, ಹಿಗ್ಗಿದ ಪ್ಲೂಮ್ ಉತ್ತರ-ದಕ್ಷಿಣಕ್ಕೇ ಹೆಚ್ಚು ಹರಡುತ್ತದೆ. ಆಕಾರ ತಿರುಗಿಬಿಡುತ್ತದೆ. ಮೊದಲು ಯಾವ ಕಡೆ ಕಿರಿದಾಗಿತ್ತೋ ಆ ಕಡೆ ಇಳಿಜಾರು ಕಡಿದು, ಹಾಗಾಗಿ ಆ ಕಡೆಯ ಓಟವೂ ಜೋರು. ಮೊದಲ ಸಲ ಇದನ್ನು ಕಂಡಾಗ ನಾನು ಚುಕ್ಕಿಯನ್ನೇ ತಪ್ಪಾಗಿ ಅಳೆದಿರಬೇಕು ಅಂದುಕೊಂಡು ಎರಡು ದಿನ ಮತ್ತೆ ಮತ್ತೆ ಅಳೆದಿದ್ದೆ.

ನಿಮ್ಮ ಮಷೀನ್‌ನಲ್ಲಿ ಲೆಕ್ಕ ಸ್ವಲ್ಪ ಬೇರೆ. ಪಲ್ಸ್ ಉದ್ದ, ಚುಕ್ಕಿ ಚಿಕ್ಕದು. ಹಾಗಾಗಿ ರೊಟ್ಟಿ ಬಹಳ ಹೊತ್ತು ರೊಟ್ಟಿಯಾಗಿ ಉಳಿಯುವುದಿಲ್ಲ, ಬೇಗ ಅರ್ಧ ಚೆಂಡಾಗುತ್ತದೆ. ಆದರೂ ಕೆಳಗಿನ ಅರ್ಧವನ್ನು ಪ್ಲೇಟ್ ತಡೆದಿರುವುದರಿಂದ ಉಳಿದ ಅರ್ಧ ಪ್ಲೇಟ್‌ನ ಲಂಬದ ಸುತ್ತಲೂ ಒಂದೇ ಸಮ ಇರುತ್ತದೆ. ಕಣ್ಣಿಗೆ ಅದು ನೆಟ್ಟಗೆ ನಿಂತಂತೆಯೇ ಕಾಣುತ್ತದೆ.

ಒಂದು ಅಪವಾದ ಹೇಳಿಬಿಡುತ್ತೇನೆ. ಗಾಳಿಯಲ್ಲಿ, ತುಂಬಾ ಬಲವಾದ ಲೇಸರ್ ಇದ್ದರೆ, ಪ್ಲಾಸ್ಮಾದ ಮುಂದಿನ ಅಂಚು ಬರುತ್ತಿರುವ ಬೆಳಕನ್ನೇ ತಿಂದು ತನ್ನ ಮುಂದಿನ ಗಾಳಿಯನ್ನೂ ಪ್ಲಾಸ್ಮಾ ಮಾಡುತ್ತಾ ಹೋಗುತ್ತದೆ. ಆಗ ಕಿಡಿ ನಿಜವಾಗಿಯೂ ಲೇಸರ್ ಕಡೆಗೆ ವಾಲುತ್ತದೆ. ಅಲ್ಲಿ ಚಲಿಸುವುದು ಲೋಹದ ಆವಿಗಿಂತ ಹೆಚ್ಚಾಗಿ ಹೊತ್ತಿಕೊಳ್ಳುವ ಕೆಲಸ. ನಿಮ್ಮ ಮಷೀನ್‌ನ ಮಟ್ಟದಲ್ಲಿ ಇದು ಕಾಣುವುದಿಲ್ಲ.

ಇನ್ನು ವೇಗ. ಒತ್ತಡ ತಳ್ಳುತ್ತದೆ ಅಂದೆ. ಆದರೆ ಆ ತಳ್ಳು ಅಯಾನ್‌ಗಳಿಗೆ ತಲುಪುವ ಬಗೆ ತುಂಬಾ ಚೆಂದ ಇದೆ. ಒಂದು ಕಬ್ಬಿಣದ ಅಯಾನ್ ಒಂದು ಎಲೆಕ್ಟ್ರಾನ್‌ಗಿಂತ ಸುಮಾರು ಒಂದು ಲಕ್ಷ ಪಟ್ಟು ಭಾರ. ಒಂದೇ ತಾಪದಲ್ಲಿದ್ದರೂ ಎಲೆಕ್ಟ್ರಾನ್‌ಗಳು ನೂರಾರು ಪಟ್ಟು ವೇಗವಾಗಿ ಓಡುತ್ತವೆ. ಹಾಗಾಗಿ ಮೋಡದ ಅಂಚಿನಲ್ಲಿ ಮೊದಲು ಹೊರಗೆ ಹಾರುವುದು ಅವೇ. ಆದರೆ ಬಹಳ ದೂರ ಹೋಗಲು ಆಗುವುದಿಲ್ಲ. ಅವು ಹೊರಟ ತಕ್ಷಣ ಹಿಂದೆ ಉಳಿದ ಅಯಾನ್‌ಗಳ ಧನ ವಿದ್ಯುತ್ತು ಅವನ್ನು ಹಿಂದಕ್ಕೆ ಎಳೆಯುತ್ತದೆ.

ಮುಧೋಳ ನಾಯಿಯನ್ನು ಹಗ್ಗ ಕಟ್ಟಿ ಹಿಡಿದುಕೊಂಡು ಹೋಗುವವರನ್ನು ನೀವು ನೋಡಿರುತ್ತೀರಿ. ನಾಯಿ ಹಗುರ, ಓಟದಲ್ಲಿ ಅದಕ್ಕೆ ಸಾಟಿ ಇಲ್ಲ. ಮೊಲ ಕಂಡರೆ ಚಿಮ್ಮುತ್ತದೆ. ಹಗ್ಗ ಬಿಗಿಯಾಗುತ್ತದೆ. ನಾಯಿಯ ಓಟ ತುಸು ತಗ್ಗುತ್ತದೆ, ಹಿಡಿದವನು ಮುಂದಕ್ಕೆ ಎಳೆಯಲ್ಪಟ್ಟು ತಾನೂ ಓಡತೊಡಗುತ್ತಾನೆ. ಎಲೆಕ್ಟ್ರಾನ್ ಆ ನಾಯಿ, ಅಯಾನ್ ಹಗ್ಗ ಹಿಡಿದವನು, ಹಗ್ಗ ಅಂದರೆ ಇಬ್ಬರ ನಡುವೆ ಹುಟ್ಟುವ ವಿದ್ಯುತ್ ಕ್ಷೇತ್ರ. ಎಲೆಕ್ಟ್ರಾನ್‌ಗಳ ಬಿಸಿ ಹೀಗೆ ಅಯಾನ್‌ಗಳ ಓಟವಾಗಿ ಬದಲಾಗುತ್ತದೆ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಅಯಾನ್ ಅಂದರೆ ಎರಡು ಹಗ್ಗ ಹಿಡಿದವನು. ಅವನಿಗೆ ಎರಡು ಪಟ್ಟು ಎಳೆತ. ಅದಕ್ಕೇ ಪ್ಲೂಮ್‌ನ ತುದಿಯಲ್ಲಿ ಹೆಚ್ಚು ಎಲೆಕ್ಟ್ರಾನ್ ಕಳೆದುಕೊಂಡ ಅಯಾನ್‌ಗಳು ಮೊದಲು ಬರುತ್ತವೆ, ಅವುಗಳ ಹಿಂದೆ ಕಡಿಮೆ ಕಳೆದುಕೊಂಡವು, ಕೊನೆಗೆ ಏನೂ ಕಳೆದುಕೊಳ್ಳದ ಪರಮಾಣುಗಳು. ಪ್ಲೂಮ್‌ನ ಮುಂದೆ ಒಂದು ಸಣ್ಣ ಲೋಹದ ಬಟ್ಟಲು ಇಟ್ಟು, ಅದಕ್ಕೆ ಬಂದು ಬೀಳುವ ವಿದ್ಯುತ್ತನ್ನು ಹೊತ್ತಿನ ಲೆಕ್ಕದಲ್ಲಿ ಅಳೆದರೆ ಅಯಾನ್‌ಗಳು ಎಷ್ಟು ವೇಗದಲ್ಲಿ ಬಂದವು ಅಂತ ಗೊತ್ತಾಗುತ್ತದೆ.

ಈ ಹಗ್ಗದ ಎಳೆತವನ್ನೇ ಮಿತಿಮೀರಿ ಬಳಸುವ ಪ್ರಯೋಗಗಳಿವೆ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಪೆಟಾವ್ಯಾಟ್ (ಅಂದರೆ 10ರ 15ನೇ ಘಾತದಷ್ಟು ವ್ಯಾಟ್) ಲೇಸರ್‌ನಿಂದ ತೆಳು ಲೋಹದ ಹಾಳೆಗೆ ಹೊಡೆದಾಗ, ಹಾಳೆಯ ಹಿಂದಿನ ಮುಖದಿಂದ ಕೋಟಿಗಟ್ಟಲೆ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಪ್ರೋಟಾನ್‌ಗಳು ಹಾರಿದ್ದು 2000ದ ಹೊತ್ತಿಗೆ ಕಂಡುಬಂತು. ಪ್ರೋಟಾನ್‌ಗಳು ಬಂದದ್ದು ಲೋಹದಿಂದಲ್ಲ. ಹಾಳೆಯ ಮೇಲೆ ಸಹಜವಾಗಿ ಅಂಟಿಕೊಂಡಿರುವ ನೀರು, ಎಣ್ಣೆಯ ಪಸೆಯಿಂದ! ಅವೂ ಲೇಸರ್ ದಿಕ್ಕಿಗೆ ಹೋಗಲಿಲ್ಲ, ಹಾಳೆಗೆ ಲಂಬವಾಗಿಯೇ ಹೋದವು. ಆ ವಿಧಾನದ ಇಂಗ್ಲಿಷ್ ಹೆಸರಿನಲ್ಲೇ ‘ನಾರ್ಮಲ್’, ಅಂದರೆ ‘ಲಂಬ’, ಅನ್ನುವ ಮಾತಿದೆ.

ಖಾಲಿ ಜಾಗಕ್ಕೆ ಹಿಗ್ಗುವ ಅನಿಲದ ತುದಿ, ತನ್ನೊಳಗಿನ ಶಬ್ದದ ವೇಗದ ಮೂರು ಪಟ್ಟುವರೆಗೆ ಹೋಗಬಲ್ಲದು ಅಂತ ಸರಳ ಲೆಕ್ಕ ಹೇಳುತ್ತದೆ. 23,000 ಡಿಗ್ರಿಯ ಕಬ್ಬಿಣದ ಪ್ಲಾಸ್ಮಾದಲ್ಲಿ ಆ ಶಬ್ದದ ವೇಗ ಸೆಕೆಂಡಿಗೆ ಮೂರೂವರೆ ಕಿಲೋಮೀಟರ್ ಹತ್ತಿರ ಬರುತ್ತದೆ. ಮೂರು ಪಟ್ಟು ಅಂದರೆ ಸುಮಾರು 10 ಕಿಲೋಮೀಟರ್. ಆ ವೇಗದಲ್ಲಿ ಬೆಳಗಾವಿಯಿಂದ ಧಾರವಾಡಕ್ಕೆ ಏಳೆಂಟು ಸೆಕೆಂಡ್ ಸಾಕು. ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಹಗುರ, ಹಾಗಾಗಿ ಅದು ಇನ್ನೂ ವೇಗ. ಲೇಸರ್ ಬಲ ಹೆಚ್ಚಿಸಿದರೆ ಸೆಕೆಂಡಿಗೆ 100 ಕಿಲೋಮೀಟರ್‌ವರೆಗೂ ಹೋಗುತ್ತದೆ.

ಓಡುತ್ತಾ ಓಡುತ್ತಾ ಮೋಡ ತಣ್ಣಗಾಗುತ್ತದೆ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಹೋದವರಿಗೆ ಇದು ಬೇಗ ಅರ್ಥವಾದೀತು. ಒಳಗೆ ಜನ ಒತ್ತಿಕೊಂಡಿರುವಾಗ ಎಲ್ಲ ಕಡೆಯಿಂದಲೂ ನೂಕು. ಬಯಲಿಗೆ ಬಂದ ಮೇಲೆ ಎಲ್ಲರೂ ಒಂದೇ ಕಡೆ ನಡೆಯುತ್ತಾರೆ, ಪಕ್ಕದವರ ನೂಕು ಇಲ್ಲ. ನೂಕು ನಡಿಗೆಯಾಯಿತು. ಪ್ಲಾಸ್ಮಾದಲ್ಲಿ ಆ ನೂಕಾಟಕ್ಕೇ ತಾಪ ಅನ್ನುವುದು. ಪಲ್ಸ್ ಇರುವವರೆಗೆ ಲೇಸರ್ ಹೊಸ ಬಿಸಿ ತುಂಬುತ್ತಲೇ ಇರುತ್ತದೆ, ತಾಪ ಹೆಚ್ಚು ಇಳಿಯುವುದಿಲ್ಲ. ಪಲ್ಸ್ ನಿಂತ ಮೇಲೆ ತುಂಬುವವರಿಲ್ಲ. ಬಿಸಿಯೆಲ್ಲ ಓಟವಾಗುತ್ತದೆ, ತಾಪ ಜರ್ರನೆ ಇಳಿಯುತ್ತದೆ, ವೇಗ ಮಾತ್ರ ಉಳಿಯುತ್ತದೆ.

ನಿರ್ವಾತದಲ್ಲಿ, ಅಂದರೆ ಗಾಳಿ ಇಲ್ಲದ ಕಡೆ, ಆ ವೇಗವನ್ನು ತಡೆಯುವುದು ಏನೂ ಇಲ್ಲ. ಎದುರಿಗೆ ಏನಾದರೂ ಸಿಗುವವರೆಗೆ ಪ್ಲೂಮ್ ಹೋಗುತ್ತಲೇ ಇರುತ್ತದೆ. ಇದನ್ನು ನಾನು ಕಲಿತದ್ದು ಒಂದು ನಷ್ಟದಿಂದ. ಸಂಶೋಧನೆಯ ಮೊದಲ ವರ್ಷ ನಮ್ಮ ಲ್ಯಾಬಿನಲ್ಲಿ ಒಂದು ನಿರ್ವಾತ ಕೋಣೆಯೊಳಗೆ ತಾಮ್ರದ ತುಂಡಿಗೆ ಲೇಸರ್ ಹೊಡೆಯುತ್ತಿದ್ದೆವು. ಲೇಸರ್ ಬರುವ ಕಿಟಕಿಗೆ ತಾಮ್ರ ಅಂಟಬಾರದು ಅಂತ ಅದನ್ನು 45 ಡಿಗ್ರಿ ಓರೆಯಲ್ಲಿ ಇಟ್ಟಿದ್ದೆವು. ಅಷ್ಟರಮಟ್ಟಿಗೆ ಸರಿ. ಆದರೆ ಕ್ಯಾಮೆರಾಗೆ ಬೇಕಾದ ದುಬಾರಿ ಕ್ವಾರ್ಟ್ಜ್ ಕಿಟಕಿ ತಾಮ್ರದ ತುಂಡಿನ ನೇರ ಎದುರಿಗೆ, 15 ಸೆಂಟಿಮೀಟರ್ ದೂರದಲ್ಲಿತ್ತು. ಪ್ಲೂಮ್ ಲೇಸರ್ ಪುಟಿಯುವ ಕಡೆಗೆ ಹೋಗುತ್ತದೆ, ಈ ಕಿಟಕಿಗೆ ತೊಂದರೆ ಇಲ್ಲ ಅಂತ ನಾವೆಲ್ಲ ನಂಬಿದ್ದೆವು. ಒಂದು ಮಧ್ಯಾಹ್ನ ಕ್ಯಾಮೆರಾದ ಚಿತ್ರ ಮಬ್ಬಾಗುತ್ತಾ ಹೋಯಿತು. ಕೋಣೆ ತೆರೆದು ನೋಡಿದರೆ ಕಿಟಕಿಯ ಮೇಲೆ ತಾಮ್ರದ ಕನ್ನಡಿ. ನಡುವೆ ದಟ್ಟ, ಅಂಚಿಗೆ ಹೋದಂತೆ ತೆಳು. ಪ್ಲೂಮ್ ತನ್ನ ಚಿತ್ರವನ್ನು ತಾನೇ ಬರೆದಿಟ್ಟಿತ್ತು. ಕಿಟಕಿ ಕೆಟ್ಟಿತು, ಆದರೆ ಆ ಕಲೆಯ ದಪ್ಪವನ್ನು ಬೇರೆ ಬೇರೆ ಕೋನದಲ್ಲಿ ಅಳೆದು ಪ್ಲೂಮ್ ಎಷ್ಟು ಕಿರಿದಾಗಿ ಹೋಗುತ್ತದೆ ಅಂತ ಲೆಕ್ಕ ಹಾಕಿದೆವು. ಆ ಅಳತೆಯಷ್ಟು ಪ್ರೀತಿಯಿಂದ ನಾನು ಬೇರೆ ಯಾವುದನ್ನೂ ಅಳೆದಿಲ್ಲ.

ಹೀಗೆ ಎದುರಿಗೆ ಅಂಟುವ ಗುಣವೇ ದೊಡ್ಡ ತಂತ್ರವಾಗಿದೆ. ಟಿ. ವೆಂಕಟೇಶನ್ ಮತ್ತು ಜೊತೆಗಾರರು 1987ರಲ್ಲಿ ಅಮೆರಿಕದಲ್ಲಿ ಸೂಪರ್‌ಕಂಡಕ್ಟರ್‌ನ (ತಡೆಯೇ ಇಲ್ಲದೆ ವಿದ್ಯುತ್ ಹರಿಸುವ ವಸ್ತುವಿನ) ತೆಳು ಪದರಗಳನ್ನು ಲೇಸರ್ ಪ್ಲೂಮ್‌ನಿಂದಲೇ ಬೆಳೆಸಿದರು. ಮೂಲ ವಸ್ತುವಿನಲ್ಲಿ ಬೇರೆ ಬೇರೆ ಧಾತುಗಳು ಯಾವ ಪ್ರಮಾಣದಲ್ಲಿದ್ದವೋ ಅದೇ ಪ್ರಮಾಣದಲ್ಲಿ ಪದರದಲ್ಲೂ ಬಂದವು. ಎಲ್ಲವೂ ಒಟ್ಟಿಗೆ, ಮುಂದಕ್ಕೆ ಹಾರುವುದೇ ಇದಕ್ಕೆ ಕಾರಣ.

ಗಾಳಿಯಲ್ಲಿ ಕತೆ ಪೂರ್ತಿ ಬೇರೆ. ನಿಮ್ಮ ವರ್ಕ್‌ಶಾಪ್‌ನ ಪ್ಲೂಮ್ ಕಾಲು ಮಿಲಿಮೀಟರ್ ಏರುವಷ್ಟರಲ್ಲಿ ತನ್ನ ತೂಕದಷ್ಟೇ ಗಾಳಿಯನ್ನು ಮುಂದೆ ಗುಡಿಸಿಕೊಂಡಿರುತ್ತದೆ. ಸುಗ್ಗಿಯ ಕಣದಲ್ಲಿ ಕಾಳು ಹಲಗೆಯಿಂದ ತಳ್ಳಿದಂತೆ. ತಳ್ಳುತ್ತಾ ಹೋದಂತೆ ಹಲಗೆಯ ಮುಂದೆ ರಾಶಿ ಬೆಳೆಯುತ್ತದೆ, ಕೈ ಭಾರವಾಗುತ್ತದೆ. ಶಬ್ದಕ್ಕಿಂತ ವೇಗವಾಗಿ ಬರುವ ಪ್ಲೂಮ್‌ಗೆ ಗಾಳಿ ದಾರಿ ಬಿಡಲು ಆಗುವುದಿಲ್ಲ, ಒತ್ತಿಕೊಂಡು ಗೋಡೆಯಾಗುತ್ತದೆ. ಅದೇ ಶಾಕ್ ವೇವ್.

ಅದು ಎಷ್ಟು ದೂರ ಹೋಗುತ್ತದೆ ಅನ್ನುವ ಲೆಕ್ಕವನ್ನು ಬ್ರಿಟನ್ನಿನ ಜಿ. ಐ. ಟೇಲರ್ ಮತ್ತು ರಷ್ಯಾದ ಸೆದೋವ್ 1940ರ ದಶಕದಲ್ಲಿ ಬೇರೆ ಬೇರೆಯಾಗಿ ಮಾಡಿದ್ದರು. ಅಣುಬಾಂಬ್ ಸ್ಫೋಟಕ್ಕಾಗಿ ಮಾಡಿದ ಲೆಕ್ಕ ಅದು. ಟೇಲರ್ ಸ್ಫೋಟದ ಚಿತ್ರಗಳನ್ನು ಮಾತ್ರ ನೋಡಿ ಅದರ ಶಕ್ತಿ ಹೇಳಿಬಿಟ್ಟರು, ಅದನ್ನು 1950ರಲ್ಲಿ ಪ್ರಕಟಿಸಿದರು. ಊರು ಸುಡುವ ಬಾಂಬಿಗೂ ಮೂರು ಜೋಳದ ಕಾಳಿನ ಶಕ್ತಿಯ ನಿಮ್ಮ ಕಿಡಿಗೂ ಒಂದೇ ಸೂತ್ರ ನಡೆಯುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು. ಆ ಸೂತ್ರದ ಪ್ರಕಾರ ಕಾಲ 32 ಪಟ್ಟಾದರೆ ದೂರ 4 ಪಟ್ಟು ಮಾತ್ರ ಆಗುತ್ತದೆ. ನಿರ್ವಾತದಲ್ಲಾದರೆ ಅದೂ 32 ಪಟ್ಟೇ ಆಗುತ್ತಿತ್ತು. ನಿಮ್ಮ ಪಲ್ಸ್‌ಗೆ ಅಂಕಿ ಹಾಕಿದರೆ, 100 ನ್ಯಾನೊಸೆಕೆಂಡ್‌ನಲ್ಲಿ ಶಾಕ್ ವೇವ್ ಸುಮಾರು 0.4 ಮಿಲಿಮೀಟರ್ ದೂರದಲ್ಲಿ, ಸೆಕೆಂಡಿಗೆ ಒಂದೂವರೆ ಕಿಲೋಮೀಟರ್ ವೇಗದಲ್ಲಿ ಇರುತ್ತದೆ. ಒಂದು ಮೈಕ್ರೊಸೆಕೆಂಡ್‌ಗೆ, ಅಂದರೆ ಸಾವಿರ ನ್ಯಾನೊಸೆಕೆಂಡ್‌ಗೆ, 1 ಮಿಲಿಮೀಟರ್ ತಲುಪಿ ಹೆಚ್ಚುಕಡಿಮೆ ಮಾಮೂಲಿ ಶಬ್ದದ ವೇಗಕ್ಕೆ ಇಳಿದಿರುತ್ತದೆ. ಅಲ್ಲಿಂದ ಮುಂದೆ ಅದು ಬರೀ ಸದ್ದು. ನಿಮ್ಮ ಮಷೀನ್ ಸೆಕೆಂಡಿಗೆ ಒಂದು ಲಕ್ಷ ಪಲ್ಸ್ ಹೊಡೆಯುತ್ತದೆ. ಕೆಲಸ ಮಾಡುವಾಗ ಕೇಳುವ ಕರ್ಕಶ ಸದ್ದು ಇಂಥ ಪುಟ್ಟ ಗುಡುಗುಗಳದ್ದೇ.

ಗಾಳಿ ತಡೆದ ಪ್ಲೂಮ್ ಚಿಕ್ಕದಾದರೂ ಹೆಚ್ಚು ಹೊತ್ತು, ಹೆಚ್ಚು ಪ್ರಖರವಾಗಿ ಬೆಳಗುತ್ತದೆ. ಓಡಿಹೋಗಲು ಆಗದ ಬಿಸಿ ಅಲ್ಲೇ ಉಳಿಯುತ್ತದಲ್ಲ. ನಿರ್ವಾತದಲ್ಲಿ ಅದು ದೊಡ್ಡದಾಗಿ, ಮಂಕಾಗಿ ಹರಡಿ ಬೇಗ ಕಾಣದಾಗುತ್ತದೆ. ಚಂದ್ರಯಾನ-3ರ ಪ್ರಜ್ಞಾನ್ ರೋವರ್‌ನಲ್ಲಿ ಬೆಂಗಳೂರಿನಲ್ಲೇ ಇಸ್ರೊದ ಲ್ಯಾಬಿನಲ್ಲಿ ತಯಾರಾದ ಒಂದು ಲೇಸರ್ ಉಪಕರಣ ಇತ್ತು. ಚಂದ್ರನ ಮಣ್ಣಿಗೆ ಲೇಸರ್ ಹೊಡೆದು, ಏಳುವ ಪ್ಲಾಸ್ಮಾದ ಬೆಳಕಿನಿಂದ ಅಲ್ಲಿ ಯಾವ ಧಾತುಗಳಿವೆ ಅಂತ ಓದುವುದು ಅದರ ಕೆಲಸ. 2023ರ ಆಗಸ್ಟ್‌ನಲ್ಲಿ ದಕ್ಷಿಣ ಧ್ರುವದ ಹತ್ತಿರ ಗಂಧಕ ಇರುವುದನ್ನು ಅದು ತೋರಿಸಿತು. ಗಾಳಿಯೇ ಇಲ್ಲದ ಕಡೆ, ಕ್ಷಣದಲ್ಲಿ ಚದುರಿಹೋಗುವ ಪ್ಲೂಮ್‌ನಿಂದ ಬೆಳಕು ಹಿಡಿಯುವುದು ಸುಮ್ನೆ ಅಲ್ಲ. ಮಂಗಳದಲ್ಲಿ ಕ್ಯೂರಿಯಾಸಿಟಿ ರೋವರ್ 7 ಮೀಟರ್ ದೂರದ ಕಲ್ಲಿಗೂ ಹೊಡೆದು ಓದುತ್ತದೆ. ಅಲ್ಲಿ ನಮ್ಮ ಗಾಳಿಯ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಒತ್ತಡ ಇದೆ. ಪ್ಲೂಮ್ ಚೆನ್ನಾಗಿ ಹಿಗ್ಗಲು ಅಡ್ಡಿಯಿಲ್ಲ, ಪೂರ್ತಿ ಚದುರಿಹೋಗಲೂ ಬಿಡುವುದಿಲ್ಲ.

ಅನಿಲದಿಂದ ಪ್ಲಾಸ್ಮಾವನ್ನು ಹಿಡಿದು ನಿಲ್ಲಿಸುವ ಈ ಉಪಾಯ ದೊಡ್ಡ ದೊಡ್ಡ ಕಡೆಗಳಲ್ಲೂ ಬೇಕಾಗಿದೆ. 2022ರ ಡಿಸೆಂಬರ್ 5ರಂದು ಲಿವರ್‌ಮೋರ್‌ನಲ್ಲಿ 192 ಲೇಸರ್ ಕಿರಣಗಳ 2.05 ಮೆಗಾಜೂಲ್ ಶಕ್ತಿಯಿಂದ 3.15 ಮೆಗಾಜೂಲ್ ಸಮ್ಮಿಲನ ಶಕ್ತಿ (ಪರಮಾಣು ಬೀಜಗಳು ಬೆಸೆದಾಗ ಬರುವ ಶಕ್ತಿ) ಬಂತಲ್ಲ, ಅಲ್ಲಿ ಕಿರಣಗಳು ಬಡಿಯುವುದು ಪುಟ್ಟ ಡಬ್ಬಿಯ ಚಿನ್ನದ ಒಳಗೋಡೆಗೆ. ಆ ಚಿನ್ನವೂ ಪ್ಲಾಸ್ಮಾ ಆಗಿ ಗೋಡೆಗೆ ಲಂಬವಾಗಿ ಒಳಕ್ಕೆ ಉಬ್ಬುತ್ತದೆ. ಹೆಚ್ಚು ಉಬ್ಬಿದರೆ ಹಿಂದೆ ಬರುವ ಕಿರಣಗಳ ದಾರಿಯೇ ಮುಚ್ಚುತ್ತದೆ. ಅದನ್ನು ತಡೆಯಲು ಡಬ್ಬಿಯೊಳಗೆ ಹೀಲಿಯಂ ತುಂಬುತ್ತಾರೆ. ಇನ್ನೊಂದು ಉದಾಹರಣೆ ನಿಮ್ಮ ಜೇಬಿನಲ್ಲೇ ಇರಬಹುದು. ಹೊಸ ಮೊಬೈಲ್‌ಗಳ ಚಿಪ್ ಅಚ್ಚು ಹಾಕಲು ಬೇಕಾದ 13.5 ನ್ಯಾನೊಮೀಟರ್ ಬೆಳಕು ಹುಟ್ಟುವುದು ತವರದ ಪ್ಲಾಸ್ಮಾದಿಂದ. ಸೆಕೆಂಡಿಗೆ 50,000 ತವರದ ಹನಿಗಳು ಬೀಳುತ್ತವೆ. ಪ್ರತಿ ಹನಿಗೂ ಮೊದಲು ಒಂದು ಸಣ್ಣ ಪಲ್ಸ್ ಹೊಡೆದು ಚಪ್ಪಟೆ ಮಾಡುತ್ತಾರೆ, ಆಮೇಲೆ ದೊಡ್ಡ ಪಲ್ಸ್. ಇಲ್ಲೂ ಒಂದು ರೊಟ್ಟಿ! ತವರ ಎದುರಿನ ಕನ್ನಡಿಗೆ ಅಂಟದಂತೆ ತಡೆಯಲು ಅಲ್ಲಿ ಹೈಡ್ರೋಜನ್ ಹರಿಸುತ್ತಾರೆ.

ಈಗ ನಿಮ್ಮ ಗಾಜಿಗೆ ಬರೋಣ. ಪ್ಲಾಸ್ಮಾ ಕೆಲವು ಮಿಲಿಮೀಟರ್‌ನಲ್ಲೇ ನಿಂತುಹೋದರೆ, ಇಷ್ಟು ದೂರದ ಗಾಜು ಕಪ್ಪಾಗುವುದು ಹೇಗೆ? ಕಪ್ಪು ಮಾಡುವುದು ಪ್ಲಾಸ್ಮಾ ಅಲ್ಲ. ಅದರ ಒತ್ತಡ ಎಬ್ಬಿಸಿದ ಕರಗಿದ ಲೋಹದ ಹನಿಗಳು, ಸಿಡಿದ ತುಕ್ಕಿನ ಚೂರುಗಳು. ಅವು ಭಾರ, ಗಾಳಿ ಅವನ್ನು ಬೇಗ ನಿಲ್ಲಿಸಲಾರದು. ತುಕ್ಕಿನ ಚೂರುಗಳು ಬಹುಪಾಲು ಲಂಬದ ಆಸುಪಾಸಿನಲ್ಲೇ ಹಾರುತ್ತವೆ. ಹೆಡ್ ನೇರ ಇಟ್ಟಾಗ ಗಾಜು ಆ ದಾರಿಯಲ್ಲೇ ಕೂತಿರುತ್ತದೆ. ಓರೆ ಮಾಡಿದಾಗ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ. 10ರಿಂದ 15 ಡಿಗ್ರಿ ಓರೆ ಸಾಕು. 45 ಡಿಗ್ರಿ ಮಾಡಬೇಡಿ, ಚುಕ್ಕಿ ಉದ್ದವಾಗಿ ಹರಡಿ ಅದರ ಬಲ ಸುಮಾರು 30 ಶೇಕಡಾ ಕಡಿಮೆಯಾಗುತ್ತದೆ. 15 ಡಿಗ್ರಿಯಲ್ಲಿ ಕಡಿಮೆಯಾಗುವುದು 3 ಅಥವಾ 4 ಶೇಕಡಾ ಮಾತ್ರ.

ಓರೆ ಮಾಡಿದಾಗ ಒಂದು ಅಪಾಯ ಇದೆ, ದಯವಿಟ್ಟು ಗಮನ ಕೊಡಿ. ಪ್ಲೂಮ್‌ಗೆ ದಿಕ್ಕು ನೆನಪಿಲ್ಲ, ಆದರೆ ಪುಟಿಯುವ ಬೆಳಕಿಗೆ ಇದೆ. ತುಕ್ಕು ಇರುವವರೆಗೆ ಬೆಳಕು ಚದುರುತ್ತದೆ. ತುಕ್ಕು ಹೋದಂತೆ ಡೈ ಹೊಳೆಯುತ್ತದೆ, ಕನ್ನಡಿಯಾಗುತ್ತದೆ. ಅಂದರೆ ನಿಮ್ಮ ಕೆಲಸ ಚೆನ್ನಾಗಿ ಆದಷ್ಟೂ ಬೆಳಕು ಎದುರು ಬದಿಗೆ ಜೋರಾಗಿ ಪುಟಿಯುತ್ತದೆ. 1064 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿನ ಹಿಂಭಾಗದವರೆಗೆ ಸಲೀಸಾಗಿ ಹೋಗಿ ಸುಡುತ್ತದೆ. ಮಷೀನ್ ಹಿಡಿದವರಿಗೆ ಮಾತ್ರ ಅಲ್ಲ, ಎದುರು ಬದಿಯಲ್ಲಿ ಚಹಾ ಕುಡಿಯುತ್ತಾ ನಿಂತವರಿಗೂ ಆ ತರಂಗಕ್ಕೆ ತಕ್ಕ ಕನ್ನಡಕ ಬೇಕು. ಮಾಮೂಲಿ ವೆಲ್ಡಿಂಗ್ ಕನ್ನಡಕದ ಮೇಲೆ ನಂಬಿಕೆ ಇಡಬೇಡಿ.

ಪೈಪ್ ಎಲ್ಲಿಡಬೇಕು ಅಂತ ಕೇಳಿದ್ದೀರಿ. ಪ್ಲೂಮ್ ಏಳುವ ದಿಕ್ಕು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕೆಲವು ಮೈಕ್ರೊಸೆಕೆಂಡ್‌ಗಳಲ್ಲೇ ಅದರ ಓಟ ಮುಗಿದಿರುತ್ತದೆ. ಆಮೇಲೆ ಆವಿ ತಣ್ಣಗಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಹೊಗೆಯಾಗುತ್ತದೆ. ಅದು ಗಾಳಿ ಹೋದ ಕಡೆ ಹೋಗುತ್ತದೆ. ಹಾಗಾಗಿ ಗಾಳಿ ಹೆಡ್ ಕಡೆಯಿಂದ ಚುಕ್ಕಿಯ ಮೇಲೆ ಹಾದು ಪೈಪ್‌ಗೆ ಹೋಗುವಂತೆ ಮಾಡಿ. ಅಂದರೆ ಪೈಪಿನ ಬಾಯಿ ಹೆಡ್‌ಗೆ ಎದುರು ಬದಿಯಲ್ಲಿ, ಚುಕ್ಕಿಯಿಂದ ಒಂದು ಗೇಣಿನೊಳಗೆ, ಪ್ಲೇಟ್‌ಗೆ ಹತ್ತಿರ ಇರಲಿ. ಪುಟಿದ ಬೆಳಕೂ ಅದೇ ಕಡೆ ಬರುವುದರಿಂದ ಬಾಯಿ ಪ್ಲಾಸ್ಟಿಕ್‌ನದ್ದು ಬೇಡ. ಕಪ್ಪು ಬಳಿಯದಿದ್ದರೂ ಪರವಾಗಿಲ್ಲ, ಒರಟು ಮೈಯ ತಗಡಿನದ್ದು ಇರಲಿ. ಫಿಲ್ಟರ್‌ಗೆ ಮೊದಲು ಪೈಪಿನಲ್ಲಿ ಒಂದು ಲೋಹದ ತಿರುವು ಇರಲಿ, ಬೆಳಕು ನೇರ ಫಿಲ್ಟರ್‌ಗೆ ಬೀಳಬಾರದು. ಜಿಂಕ್ ಲೇಪ ಅಥವಾ ಹಳೆ ಪೇಂಟ್ ಇರುವ ವಸ್ತು ಬಂದರೆ ಪೈಪ್ ಓಡದೆ ಒಂದು ನಿಮಿಷವೂ ಕೆಲಸ ಮಾಡಬೇಡಿ. ಜಿಂಕ್ ಹೊಗೆ ಜ್ವರ ತರಿಸುತ್ತದೆ, ಹಳೆ ಪೇಂಟ್‌ನಲ್ಲಿ ಸೀಸ ಇರುವುದುಂಟು.